ಬಿಳಿ ಚುಕ್ಕೆ ಹೋಯಿತು ಅಂತ ಔಷಧ ನಿಲ್ಲಿಸಿದೆ, ಐದೇ ದಿನಕ್ಕೆ ಮತ್ತೆ ಬಂತು. ಯಾಕೆ?

ಪ್ರಶ್ನೆ: ಸರ್, ನಮ್ಮದು ದಾವಣಗೆರೆ. ಮನೆಯಲ್ಲಿ 2 ಅಡಿಯ ಅಕ್ವೇರಿಯಂ ಇದೆ. 4 ಮೋಲಿ, 8 ನಿಯಾನ್ ಟೆಟ್ರಾ, 1 ಏಂಜೆಲ್ ಇದ್ದವು. ಡಿಸೆಂಬರ್ ಕೊನೆಗೆ 2 ಕ್ಲೌನ್ ಲೋಚ್ ತಂದು ಅದೇ ದಿನ ಬಿಟ್ಟೆ. ವಾರದೊಳಗೆ ಲೋಚ್ ಮೈಮೇಲೆ, ಆಮೇಲೆ ಏಂಜೆಲ್ ಬಾಲದ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದವು. ಅಂಗಡಿಯವರು ನೀಲಿ ಔಷಧ ಕೊಟ್ಟರು. ಎರಡು ದಿನ ಹಾಕಿದೆ. ಮೂರನೇ ದಿನಕ್ಕೆ ಚುಕ್ಕೆ ಪೂರ್ತಿ ಹೋದವು, ನಿಲ್ಲಿಸಿದೆ. ಐದು ದಿನ ಬಿಟ್ಟು ಎಲ್ಲ ಮೀನಿಗೂ ಬಂತು, ಮೊದಲಿಗಿಂತ ಜಾಸ್ತಿ. ಒಂದು ಲೋಚ್, ಮೂರು ಟೆಟ್ರಾ ಸತ್ತವು. ಒಂದು ಟೆಟ್ರಾ ಮೇಲೆ ಚುಕ್ಕೆಯೇ ಇರಲಿಲ್ಲ. ಔಷಧ ನಕಲಿನಾ? ಟ್ಯಾಂಕ್ ಖಾಲಿ ಮಾಡಿ ತೊಳೆಯಲಾ? ಇನ್ನೊಂದು ವಿಷಯ. ಅಕ್ಕನ ಮನೆಯ ಗೋಲ್ಡ್ ಫಿಶ್‌ಗೂ ಕೆನ್ನೆಯ ಮೇಲೆ ಬಿಳಿ ಚುಕ್ಕೆ ಇದೆ. ಅದು ಆರಾಮಾಗಿಯೇ ಇದೆ. ನಮ್ಮನೆಯಿಂದ ಹರಡಿತಾ? ಮಗಳು ದಿನಾ ಬೆಳಿಗ್ಗೆ ಎದ್ದು ಟ್ಯಾಂಕ್ ಮುಂದೆ ನಿಲ್ಲುತ್ತಾಳೆ, ಅವಳಿಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಉತ್ತರ: ಮೊದಲು ಒಂದು ಮಾತು. ಟ್ಯಾಂಕ್ ಖಾಲಿ ಮಾಡಬೇಡಿ. ಫಿಲ್ಟರ್ ಮತ್ತು ಜಲ್ಲಿಯಲ್ಲಿ ಮೀನಿನ ಕೊಳೆಯನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಎಲ್ಲ ತೊಳೆದು ಹೊಸ ನೀರು ತುಂಬಿದರೆ ಅವು ಹೋಗುತ್ತವೆ, ಅಮೋನಿಯಾ ಏರುತ್ತದೆ. ಈಗಾಗಲೇ ಸೋತಿರುವ ಮೀನು ಅದನ್ನು ತಡೆಯಲಾರದು. ರೋಗವಂತೂ ಹೋಗುವುದಿಲ್ಲ, ಯಾಕೆಂದರೆ ಅದು ಮೀನಿನ ಮೈಯಲ್ಲೇ ಕೂತಿದೆ. ನೀವು ತೊಳೆದ ಟ್ಯಾಂಕ್‌ಗೆ ಮೀನು ಅದನ್ನು ಮತ್ತೆ ಹೊತ್ತು ತರುತ್ತದೆ.

ನೀವು ಹೇಳಿದ್ದನ್ನೆಲ್ಲ ಸೇರಿಸಿ ನೋಡಿದರೆ ಇದು ಬಿಳಿ ಚುಕ್ಕೆ ರೋಗ. ಮೀನು ಸಾಕುವವರು ಚಿಕ್ಕದಾಗಿ 'ಇಕ್' ಅನ್ನುತ್ತಾರೆ. ಇದನ್ನು ತರುವುದು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್ ಅನ್ನುವ ಒಂದೇ ಕೋಶದ ಜೀವಿ. 1876ರಲ್ಲಿ ಫೂಕೆ ಅನ್ನುವ ಫ್ರೆಂಚ್ ವಿಜ್ಞಾನಿ ಇಟ್ಟ ಹೆಸರು ಇದು. ಅರ್ಥ, ಬಹಳ ಮಕ್ಕಳಿರುವ ಮೀನಿನ ಹೇನು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಹೆಸರಿನಲ್ಲೇ ಇದೆ.

ಔಷಧ ನಕಲಿ ಅಂತ ನನಗೆ ಅನ್ನಿಸುವುದಿಲ್ಲ. ನೀವು ನಿಲ್ಲಿಸಿದ್ದು ಬೇಗ ಆಯಿತು, ಅಷ್ಟೇ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ. ಚುಕ್ಕೆ ಹೋದರೆ ವಾಸಿಯಾಯಿತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಈ ರೋಗದಲ್ಲಿ ಮಾತ್ರ ಆ ಲೆಕ್ಕ ನಡೆಯುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕಣ್ಣಿಗೆ ಕಾಣುವ ಬಿಳಿ ಚುಕ್ಕೆ ಮೀನಿನ ಮೈಮೇಲೆ ಅಂಟಿಕೊಂಡ ವಸ್ತು ಅಲ್ಲ. ಆ ಜೀವಿ ಚರ್ಮದ ಮೇಲ್ಪದರದ ಅಡಿಗೆ ಹೊಕ್ಕು, ಅಲ್ಲೇ ತಿಂದು ದಪ್ಪವಾಗುತ್ತಿರುತ್ತದೆ. ಮೀನಿನ ಚರ್ಮವೇ ಅದಕ್ಕೆ ಕಂಬಳಿ. ನೀರಿಗೆ ಹಾಕಿದ ಔಷಧ ಆ ಕಂಬಳಿ ದಾಟುವುದಿಲ್ಲ. ಹೊಟ್ಟೆ ತುಂಬಿದ ಮೇಲೆ, ಸುಮಾರು ಅರ್ಧದಿಂದ 1 ಮಿಲಿಮೀಟರ್ ಆದಾಗ, ಅದು ತಾನಾಗಿಯೇ ಚರ್ಮ ಒಡೆದು ಹೊರಬೀಳುತ್ತದೆ. ಆಗ ನಮಗೆ ಚುಕ್ಕೆ 'ಹೋಯಿತು' ಅನ್ನಿಸುತ್ತದೆ. ಬಿದ್ದದ್ದು ಜಲ್ಲಿಗೋ, ಗಿಡದ ಎಲೆಗೋ, ಗಾಜಿಗೋ ಅಂಟಿ, ಸುತ್ತ ಒಂದು ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆಯೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ನೂರಾರು ಮರಿ, ಕೆಲವೊಮ್ಮೆ ಸಾವಿರದವರೆಗೆ. ಆ ಗೋಡೆಯನ್ನೂ ಔಷಧ ದಾಟುವುದಿಲ್ಲ. ಕೊನೆಗೆ ಗೋಡೆ ಒಡೆದು ಮರಿಗಳು ನೀರಿಗೆ ಬಂದು ಮೀನನ್ನು ಹುಡುಕುತ್ತಾ ಈಜುತ್ತವೆ. ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಅವು ಕಣ್ಣಿಗೆ ಕಾಣುವುದೇ ಇಲ್ಲ.

ನಿಮ್ಮ ಮನೆಯಲ್ಲಿ ಆಗಿದ್ದು ಇದೇ. ಮೂರನೇ ದಿನ ಚುಕ್ಕೆ ಉದುರಿದವು. ನೀವು ಔಷಧ ನಿಲ್ಲಿಸಿದ ಹೊತ್ತಿಗೆ ಸರಿಯಾಗಿ ಜಲ್ಲಿಯಲ್ಲಿ ಮರಿಗಳು ತಯಾರಾಗುತ್ತಿದ್ದವು. ಹಾಗಾಗಿ ಇನ್ನು ಮುಂದೆ ಚುಕ್ಕೆ ಎಣಿಸಿ ಔಷಧ ನಿಲ್ಲಿಸಬೇಡಿ, ದಿನ ಎಣಿಸಿ. ನೀರು 24ರಿಂದ 26 ಡಿಗ್ರಿ ಇದ್ದರೆ ಈ ಇಡೀ ಸುತ್ತು 3ರಿಂದ 6 ದಿನದಲ್ಲಿ ಮುಗಿಯುತ್ತದೆ. ನೀರು ತಣ್ಣಗಾದಷ್ಟೂ ಸುತ್ತು ಉದ್ದವಾಗುತ್ತದೆ. 7 ಡಿಗ್ರಿಯ ಚಳಿ ನೀರಿನಲ್ಲಿ ಐದು ವಾರಕ್ಕೂ ಮೇಲೆ ಎಳೆಯುತ್ತದೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲ ಬಿಡಿ. ಆದರೆ ಜನವರಿಯಲ್ಲಿ ಹೀಟರ್ ಇಲ್ಲದ ಟ್ಯಾಂಕ್ ರಾತ್ರಿ 20ಕ್ಕೆ ಇಳಿದು ಮಧ್ಯಾಹ್ನ 25ಕ್ಕೆ ಏರುವುದು ಮಾಮೂಲು. ಈ ಏರಿಳಿತವೇ ಮೀನನ್ನು ಸೋಲಿಸುತ್ತದೆ. ಬೆಳಿಗ್ಗೆ ಓವರ್‌ಹೆಡ್ ಟ್ಯಾಂಕಿನ ತಣ್ಣೀರನ್ನು ನೇರವಾಗಿ ಸುರಿದರಂತೂ ಕೇಳುವುದೇ ಬೇಡ. ನನ್ನ ಹತ್ತಿರ ಬರುವ ಬಿಳಿ ಚುಕ್ಕೆ ಪ್ರಶ್ನೆಗಳಲ್ಲಿ ಹೆಚ್ಚಿನವು ಚಳಿಗಾಲದವು.

ಚುಕ್ಕೆ ಇಲ್ಲದೆಯೇ ಸತ್ತ ಟೆಟ್ರಾ ಬಗ್ಗೆ ಕೇಳಿದ್ದೀರಿ. ಅದಕ್ಕೆ ನನ್ನ ಮನೆಯದೇ ಒಂದು ನೆನಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೈಗರ್ ಬಾರ್ಬ್ ಸಾಕಿದ್ದೆ. ಒಂದು ವಾರದಲ್ಲಿ ನಾಲ್ಕು ಸತ್ತವು. ಮೈ ಸ್ವಚ್ಛವಾಗಿತ್ತು, ಒಂದು ಚುಕ್ಕೆ ಇರಲಿಲ್ಲ. ಫಿಲ್ಟರ್ ನೀರು ಬೀಳುವ ಕಡೆ ನಿಂತು ಜೋರಾಗಿ ಉಸಿರಾಡುತ್ತಿದ್ದವು, ಅಷ್ಟೇ. ನೀರು ಕೆಟ್ಟಿದೆ ಅಂದುಕೊಂಡು ದಿನಾ ನೀರು ಬದಲಿಸಿದೆ. ಐದನೆಯದು ಸತ್ತಾಗ ಅದರ ಕಿವಿರಿನ ಒಂದು ಚೂರು ಕತ್ತರಿಸಿ ಮೈಕ್ರೋಸ್ಕೋಪ್ ಅಡಿಗೆ ಇಟ್ಟೆ. ಕೆಂಪು ಗರಿಗಳ ನಡುವೆ ಬೂದು ಬಣ್ಣದ ದುಂಡನೆಯ ಗುಂಡುಗಳು ನಿಧಾನಕ್ಕೆ ಉರುಳುತ್ತಿದ್ದವು. ಪ್ರತಿಯೊಂದರ ಒಳಗೂ ಕುದುರೆ ಲಾಳದ ಆಕಾರದ ಒಂದು ಗುರುತು. ಆ ಲಾಳ ಕಂಡರೆ ಅನುಮಾನವೇ ಇಲ್ಲ, ಅದು ಇಕ್. ಮೀನು ಸತ್ತರೂ ಅವು ಉರುಳುತ್ತಲೇ ಇದ್ದವು. ಚರ್ಮಕ್ಕಿಂತ ಮೊದಲು ಕಿವಿರಿಗೇ ಹತ್ತಿದರೆ ಹೊರಗೆ ಏನೂ ಕಾಣದೆ, ಉಸಿರು ಕಟ್ಟಿ ಮೀನು ಹೋಗುತ್ತದೆ. ನಿಮ್ಮ ಟೆಟ್ರಾಗೆ ಆಗಿದ್ದು ಅದೇ ಇರಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮೈ ನೋಡುವ ಮೊದಲು ಉಸಿರು ನೋಡಿ. ಕಿವಿರು ಬೇಗ ಬೇಗ ಬಡಿಯುತ್ತಿದೆಯಾ, ಮೀನು ರೆಕ್ಕೆ ಮುದುಡಿಕೊಂಡಿದೆಯಾ, ಕಲ್ಲಿಗೆ ಮೈ ಉಜ್ಜುತ್ತಿದೆಯಾ. ಈ ಮೂರು ಚುಕ್ಕೆಗಿಂತ ಮೊದಲೇ ಕಾಣುತ್ತವೆ.

ಈಗ ನೀವು ಮಾಡಬೇಕಾದ್ದು. ನಿಮ್ಮ ಟ್ಯಾಂಕ್‌ನಲ್ಲಿ ಲೋಚ್ ಇದೆ, ಟೆಟ್ರಾ ಇದೆ. ಲೋಚ್ ಮೈಮೇಲಿನ ಹುರುಪೆ ತೀರಾ ಸಣ್ಣವು, ಚರ್ಮ ಬರಿದಾಗಿದ್ದ ಹಾಗೆಯೇ ಲೆಕ್ಕ. ಟೆಟ್ರಾಗೂ ಕಡು ಔಷಧ ಆಗಿಬರುವುದಿಲ್ಲ. ಆದರೆ ನಿಮ್ಮ ಮೀನುಗಳಿಗೆಲ್ಲ ಎರಡು ವಾರದ ಮಟ್ಟಿಗೆ ಶಾಖ ತಡೆಯುತ್ತದೆ. ಹಾಗಾಗಿ ಔಷಧದ ಬಾಟಲಿಗಿಂತ ಮೊದಲು ಹೀಟರ್ ಕಡೆ ಹೋಗೋಣ.

ನೀರನ್ನು 30 ಡಿಗ್ರಿಗೆ ತನ್ನಿ. ಆ ಶಾಖದಲ್ಲಿ ಈ ಜೀವಿಯ ಹೆಚ್ಚಿನ ತಳಿಗಳು ಮರಿ ಮಾಡಲಾರವು. ಒಂದೇ ಸಲಕ್ಕೆ ಏರಿಸಬೇಡಿ. ಎರಡು ಮೂರು ಗಂಟೆಗೆ 1 ಡಿಗ್ರಿಯಂತೆ, ಒಂದು ದಿನ ಪೂರ್ತಿ ತೆಗೆದುಕೊಳ್ಳಿ. 2 ಅಡಿ ಟ್ಯಾಂಕ್‌ಗೆ 50 ವ್ಯಾಟ್ ಹೀಟರ್ ಸಾಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಮಾಮೂಲು ದಿನಕ್ಕೆ ಸಾಕು. ಚಳಿಯ ರಾತ್ರಿ 30ರಲ್ಲಿ ನಿಲ್ಲಿಸಬೇಕಾದರೆ 100 ವ್ಯಾಟ್ ಬೇಕು, ಮೇಲೆ ಮುಚ್ಚಳವೂ ಬೇಕು. ಹೀಟರ್ ಮೇಲಿನ ಅಂಕಿ ನಂಬಬೇಡಿ, ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಅದಕ್ಕೇನೂ ಜಾಸ್ತಿ ದುಡ್ಡಾಗುವುದಿಲ್ಲ.

ಇಲ್ಲಿ ಒಂದು ಅಪಾಯ ಇದೆ, ಗಮನ ಕೊಡಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು, 30ರಲ್ಲಿ ಏಳೂವರೆ ಮಾತ್ರ ಹಿಡಿಯುತ್ತದೆ. ಕಿವಿರು ಕೆಟ್ಟ ಮೀನಿಗೆ ಇದು ದೊಡ್ಡ ವ್ಯತ್ಯಾಸ. ಏರ್ ಪಂಪ್ ಹಗಲು ರಾತ್ರಿ ಓಡುತ್ತಿರಲಿ. ಕರೆಂಟ್ ಹೋದರೆ ಅಂತ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಪಂಪ್ ಒಂದು ತಂದಿಟ್ಟುಕೊಳ್ಳಿ. ಅದೂ ಇಲ್ಲದಾಗ ಮಗ್ಗಿನಲ್ಲಿ ನೀರು ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತಾ ಇರಿ. ಕೆಲಸಕ್ಕೆ ಬರುತ್ತದೆ.

ಜೊತೆಗೆ ಉಪ್ಪು. ಟ್ಯಾಂಕ್ ಅಳತೆ 60, 30, 30 ಸೆಂಟಿಮೀಟರ್ ಇದ್ದರೆ, ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ 54 ಲೀಟರ್ ಬರುತ್ತದೆ. ಜಲ್ಲಿ, ಮೇಲಿನ ಖಾಲಿ ಜಾಗ ಕಳೆದರೆ ಒಳಗಿರುವುದು ಹೆಚ್ಚೂಕಡಿಮೆ 45 ಲೀಟರ್. ಔಷಧವೇ ಇರಲಿ, ಉಪ್ಪೇ ಇರಲಿ, ಲೆಕ್ಕ ಹಾಕಬೇಕಾದ್ದು ಈ 45ಕ್ಕೆ. 54ಕ್ಕೆ ಹಾಕಿದರೆ ಐದನೇ ಒಂದು ಭಾಗ ಜಾಸ್ತಿ ಬೀಳುತ್ತದೆ. ಲೀಟರಿಗೆ 1 ಗ್ರಾಂನಂತೆ 45 ಗ್ರಾಂ ಕಲ್ಲುಪ್ಪು ತೂಗಿಕೊಳ್ಳಿ. ಚಮಚದ ಲೆಕ್ಕ ಬೇಡ, ಕಲ್ಲುಪ್ಪಿನ ಹರಳು ಒಂದೊಂದು ಒಂದೊಂದು ಗಾತ್ರ. ಮೂರು ಪಾಲು ಮಾಡಿ, 12 ಗಂಟೆಗೊಮ್ಮೆ ಒಂದು ಪಾಲನ್ನು ಟ್ಯಾಂಕ್ ನೀರಲ್ಲೇ ಕರಗಿಸಿ ಫಿಲ್ಟರ್ ನೀರು ಬೀಳುವ ಕಡೆ ಹಾಕಿ. ಹರಳನ್ನು ಹಾಗೇ ಎಸೆಯಬೇಡಿ. ತಳದಲ್ಲಿ ಮಲಗುವ ಲೋಚ್ ಮೈ ಸುಡುತ್ತದೆ.

ಇಷ್ಟು ಉಪ್ಪು ರೋಗವನ್ನು ಕೊಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಕೊಲ್ಲಬೇಕಾದರೆ ಲೀಟರಿಗೆ 2–3 ಗ್ರಾಂ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು. ಮೋಲಿ ಅದನ್ನು ಖುಷಿಯಾಗಿ ತಡೆದುಕೊಳ್ಳುತ್ತದೆ, ಟೆಟ್ರಾ ಮತ್ತು ಗಿಡಗಳಿಗೆ ಕಷ್ಟ. ಆದರೆ 1 ಗ್ರಾಂ ಉಪ್ಪು ಮೀನಿಗೆ ಬೇರೆ ಥರ ಸಹಾಯ ಮಾಡುತ್ತದೆ. ಒಂದೊಂದು ಚುಕ್ಕೆ ಉದುರಿದಾಗಲೂ ಚರ್ಮದಲ್ಲಿ ಒಂದೊಂದು ತೂತು ಉಳಿಯುತ್ತದೆ. ಆ ತೂತಿನಿಂದ ಮೀನಿನ ಒಳಗಿನ ಉಪ್ಪು ಸೋರುತ್ತದೆ, ಹೊರಗಿನ ನೀರು ಒಳಗೆ ನುಗ್ಗುತ್ತದೆ. ನೀರಲ್ಲಿ ಸ್ವಲ್ಪ ಉಪ್ಪಿದ್ದರೆ ಆ ಸೋರಿಕೆ ಕಡಿಮೆ, ಮೀನಿಗೆ ಸುಧಾರಿಸಿಕೊಳ್ಳಲು ಶಕ್ತಿ ಉಳಿಯುತ್ತದೆ.

ಮೂರನೆಯದು ಎಲ್ಲರೂ ಬಿಟ್ಟುಬಿಡುವ ಕೆಲಸ. ದಿನಾ ಒಂದು ಪೈಪ್ ಇಳಿಸಿ ಜಲ್ಲಿಯ ಸಂದಿಗಳಿಂದ ಕೊಳೆ ಎಳೆದು 10 ಲೀಟರ್ ನೀರು ತೆಗೆಯಿರಿ. ಗೋಡೆ ಕಟ್ಟಿಕೊಂಡು ಕೂತ ಗುಂಡುಗಳು ಇರುವುದು ಅಲ್ಲೇ. ಔಷಧ ಮುಟ್ಟಲಾಗದ್ದನ್ನು ಪೈಪ್ ಎತ್ತಿ ಹೊರಗೆ ಹಾಕುತ್ತದೆ. ಹಾಕುವ ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಸ್ವಲ್ಪ ಬಿಸಿನೀರು ಬೆರೆಸಿ ಟ್ಯಾಂಕ್‌ನಷ್ಟೇ ಬೆಚ್ಚಗೆ ಮಾಡಿ, 10 ಗ್ರಾಂ ಉಪ್ಪು ಕರಗಿಸಿ ಸುರಿಯಿರಿ. ಆವಿಯಾಗಿ ಇಂಗಿದ ನೀರು ತುಂಬುವಾಗ ಮಾತ್ರ ಉಪ್ಪು ಬೇಡ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಇರುತ್ತದೆ.

ಶಾಖ ಏರಿಸಿದ ಎರಡನೇ ಮೂರನೇ ದಿನ ಚುಕ್ಕೆ ಜಾಸ್ತಿ ಆದಂತೆ ಕಾಣಬಹುದು. ಹೆದರಬೇಡಿ. ಈಗಾಗಲೇ ಚರ್ಮದಡಿ ಇದ್ದವು ಬೇಗ ಬೇಗ ದಪ್ಪವಾಗಿ ಕಣ್ಣಿಗೆ ಬೀಳುತ್ತವೆ. ಸಾಮಾನ್ಯವಾಗಿ ಐದಾರು ದಿನಕ್ಕೆ ಮೈ ತಿಳಿಯಾಗುತ್ತದೆ. ಆಗ ನಿಲ್ಲಿಸುವ ಆಸೆ ಬರುತ್ತದೆ, ಅಲ್ವಾ? ನಿಲ್ಲಿಸಬೇಡಿ. ಒಟ್ಟು 14 ದಿನ, ಅದರಲ್ಲೂ ಕೊನೆಯ ಚುಕ್ಕೆ ಹೋದ ಮೇಲೆ ಕನಿಷ್ಠ 7 ದಿನ 30 ಡಿಗ್ರಿ ಇರಲಿ. ಆಮೇಲೆ ನಿಧಾನಕ್ಕೆ 26ಕ್ಕೆ ಇಳಿಸಿ.

ಶಾಖ ತಡೆಯುವ ತಳಿಗಳೂ ಇವೆ. ಹಾಗಾಗಿ ಆರನೇ ದಿನವೂ ಹೊಸ ಹೊಸ ಚುಕ್ಕೆ ಬರುತ್ತಲೇ ಇದ್ದರೆ ಶಾಖ ಬಿಟ್ಟು ಔಷಧಕ್ಕೆ ಹೋಗಬೇಕು. ಎರಡನ್ನೂ ಒಟ್ಟಿಗೆ ಜೋರಾಗಿ ಮಾಡಬೇಡಿ. ಬಿಸಿ ನೀರಲ್ಲಿ ಔಷಧದ ಕಾವೂ ಜಾಸ್ತಿ, ಉಸಿರೂ ಕಡಿಮೆ. ಮೊದಲು ನೀರನ್ನು 27ಕ್ಕೆ ಇಳಿಸಿ. ನೀವು ಹಾಕಿದ ನೀಲಿ ಔಷಧ ಸಾಮಾನ್ಯವಾಗಿ ಮಿಥಿಲೀನ್ ಬ್ಲೂ. ಇಕ್ ಮೇಲೆ ಅದರ ಹಿಡಿತ ಅಷ್ಟಕ್ಕಷ್ಟೇ, ಮೇಲಾಗಿ ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೂ ಪೆಟ್ಟು. ಮುಖ್ಯ ಟ್ಯಾಂಕ್‌ಗೆ ನಾನು ಅದನ್ನು ಹಾಕುವುದಿಲ್ಲ. ಇಕ್‌ಗೆ ಹೆಚ್ಚು ನಂಬಬಹುದಾದದ್ದು ಮಲಾಕೈಟ್ ಗ್ರೀನ್ ಇರುವ ಔಷಧ. ಲೋಚ್, ಟೆಟ್ರಾ ಇರುವುದರಿಂದ ಬಾಟಲಿ ಮೇಲೆ ಬರೆದದ್ದರ ಅರ್ಧ ಹಾಕಿ. ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಅದು ಔಷಧವನ್ನೆಲ್ಲ ಹೀರಿಬಿಡುತ್ತದೆ. ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ ಮತ್ತೆ ಹಾಕಿ. ಇದಕ್ಕೂ ಅದೇ ನಿಯಮ. ಕೊನೆಯ ಚುಕ್ಕೆ ಹೋದ ಮೇಲೆ ಇನ್ನೊಂದು ವಾರ.

ಮಲಾಕೈಟ್ ಗ್ರೀನ್ ಮಕ್ಕಳ ಕೈಗೆ ಸಿಗಬಾರದು. ಕ್ಯಾನ್ಸರ್ ತರಬಹುದು ಅನ್ನುವ ಗುಮಾನಿ ಅದರ ಮೇಲಿದೆ. ತಿನ್ನುವ ಮೀನಿಗೆ ಅದನ್ನು ಬಳಸುವಂತೆಯೇ ಇಲ್ಲ. ಕೈಗವಸು ಹಾಕಿಕೊಂಡೇ ಮುಟ್ಟಿ. ಔಷಧದ ನೀರನ್ನು ಬಾವಿ, ಕೆರೆ, ತೋಟದ ಕಾಲುವೆಗೆ ಚೆಲ್ಲಬೇಡಿ. ಕೆಲವರು ಫಾರ್ಮಲಿನ್ ಕೂಡ ಹೇಳುತ್ತಾರೆ. ಅದು ಮಲಾಕೈಟ್ ಜೊತೆ ಸೇರಿದರೆ ಒಳ್ಳೆಯ ಕೆಲಸ ಮಾಡುವುದು ನಿಜ. ಆದರೆ ಅದರ ಹೊಗೆ ಕಣ್ಣು, ಮೂಗು ಸುಡುತ್ತದೆ, ನೀರಿನ ಆಮ್ಲಜನಕವನ್ನೂ ಎಳೆಯುತ್ತದೆ. ಹಾಲ್‌ನಲ್ಲಿ ಟ್ಯಾಂಕ್ ಇಟ್ಟು ಅಲ್ಲೇ ಮಕ್ಕಳು ಓದುವ ಮನೆಯಲ್ಲಿ ಅದು ಬೇಡವೇ ಬೇಡ.

ಈಗ ಅಕ್ಕನ ಮನೆಯ ಗೋಲ್ಡ್ ಫಿಶ್. ಇದು ಬಹುಶಃ ಸಂತೋಷದ ಸುದ್ದಿ. ಅದು ಗಂಡು ಮೀನು ಇರಬೇಕು. ಮರಿ ಮಾಡುವ ಕಾಲ ಬಂದಾಗ ಗಂಡು ಗೋಲ್ಡ್ ಫಿಶ್‌ಗೆ ಕಿವಿರಿನ ಮುಚ್ಚಳದ ಮೇಲೆ, ಅಂದರೆ ನೀವು ಹೇಳುವ ಕೆನ್ನೆಯ ಮೇಲೆ, ಬಿಳಿ ಗುಳ್ಳೆಗಳು ಏಳುತ್ತವೆ. ಎದೆಯ ಪಕ್ಕದ ರೆಕ್ಕೆಯ ಮುಂದಿನ ಗಟ್ಟಿ ಕಡ್ಡಿಯ ಮೇಲೂ ಸಾಲಾಗಿ ಬರುತ್ತವೆ. ಎಲ್ಲ ಒಂದೇ ಗಾತ್ರ, ಒಂದೇ ಅಂತರ, ಯಾರೋ ಕೂತು ಚುಕ್ಕೆ ಇಟ್ಟ ಹಾಗೆ. ವಾರಗಟ್ಟಲೆ ಹಾಗೇ ಇರುತ್ತವೆ. ಇಕ್ ಹಾಗಲ್ಲ. ಇವತ್ತು ಬಾಲದಲ್ಲಿ ಮೂರು, ನಾಳೆ ಬೆನ್ನ ಮೇಲೆ ಹತ್ತು, ಮೈಯೆಲ್ಲ ಚೆಲ್ಲಾಪಿಲ್ಲಿ. ಅಕ್ಕನ ಮೀನು ಚೆನ್ನಾಗಿ ತಿನ್ನುತ್ತಾ, ಜೊತೆಯ ಮೀನನ್ನು ಅಟ್ಟಿಸಿಕೊಂಡು ಓಡಾಡುತ್ತಿದ್ದರೆ ಯಾವ ಔಷಧವೂ ಬೇಡ. ನಿಮ್ಮ ಬಲೆ, ಬಕೆಟ್ ಅಲ್ಲಿಗೆ ಹೋಗಿತ್ತಾ ಅಂತ ಮಾತ್ರ ನೆನಪು ಮಾಡಿಕೊಳ್ಳಿ. ಹೋಗಿದ್ದರೆ ಎರಡು ವಾರ ಕಣ್ಣಿಟ್ಟಿರಲಿ. ಗೋಲ್ಡ್ ಫಿಶ್‌ಗೂ ಇಕ್ ಬರುತ್ತದೆ. ಬಂದರೆ ಅದಕ್ಕೆ 30 ಡಿಗ್ರಿ ಬೇಡ, ಅದು ತಂಪು ನೀರಿನ ಮೀನು. ನೀರು 25–26ರಲ್ಲಿ ಇಟ್ಟು, ಹಂತ ಹಂತವಾಗಿ ಲೀಟರಿಗೆ 3 ಗ್ರಾಂ ಉಪ್ಪಿಗೆ ಹೋಗುವುದು ಸರಿ. ಗೋಲ್ಡ್ ಫಿಶ್ ಅದನ್ನು ಸಲೀಸಾಗಿ ತಡೆಯುತ್ತದೆ.

ಚುಕ್ಕೆ ಅಂದ ಕೂಡಲೇ ಇಕ್ ಅಂತ ಔಷಧ ಸುರಿಯುವವರು ಬಹಳ. ಹಾಗಾಗಿ ಬೇರೆ ಚುಕ್ಕೆಗಳ ಬಗ್ಗೆಯೂ ಹೇಳಿಬಿಡುತ್ತೇನೆ.

ನನಗೆ ಎಲ್ಲಕ್ಕಿಂತ ಭಯ ವೆಲ್ವೆಟ್ ರೋಗದ್ದು. ಇದು ಬಿಳಿ ಅಲ್ಲ, ಹೊಂಬಣ್ಣದ ಪುಡಿ. ಅರಿಶಿನಕ್ಕೆ ತುಕ್ಕು ಬೆರೆಸಿ ಮೀನಿನ ಮೇಲೆ ತೆಳ್ಳಗೆ ಧೂಳು ಹಾರಿಸಿದ ಹಾಗೆ. ಚುಕ್ಕೆಗಳು ಎಷ್ಟು ಸಣ್ಣ ಅಂದರೆ ಎದುರಿನಿಂದ ನೋಡಿದರೆ ಕಾಣುವುದೇ ಇಲ್ಲ. ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೀನಿನ ಪಕ್ಕದಿಂದ ಓರೆಯಾಗಿ ಹಿಡಿದು, ಬೆನ್ನ ಮೇಲೆ ನೋಡಿ. ಬೆಳಕು ಜಾರಿದ ಕಡೆ ಬಂಗಾರದ ಹುಡಿ ಮಿನುಗಿದರೆ ಅದೇ ವೆಲ್ವೆಟ್. ಫೈಟರ್ ಮೀನು, ಗೌರಾಮಿ, ಕಿಲ್ಲಿ ಮೀನುಗಳಿಗೆ ಹೆಚ್ಚು ಬರುತ್ತದೆ. ಸಿಹಿನೀರಿನಲ್ಲಿ ಇದನ್ನು ತರುವ ಪಿಸಿನೂಡಿನಿಯಂ ಅನ್ನುವ ಜೀವಿಯಲ್ಲಿ ಗಿಡಗಳಂತೆ ಹಸಿರುದ್ರವ್ಯ ಇದೆ, ಬೆಳಕಿನಿಂದಲೂ ಸ್ವಲ್ಪ ಆಹಾರ ಮಾಡಿಕೊಳ್ಳುತ್ತದೆ. ಅದಕ್ಕೇ ಟ್ಯಾಂಕ್ ಸುತ್ತ ದಪ್ಪ ಬಟ್ಟೆ ಕಟ್ಟಿ ಕತ್ತಲು ಮಾಡುವುದು ಚಿಕಿತ್ಸೆಯ ಒಂದು ಭಾಗ. ಉಳಿದದ್ದಕ್ಕೆ ತಾಮ್ರದ ಔಷಧ ಬೇಕು. ತಾಮ್ರ ಬಸವನಹುಳು, ಸೀಗಡಿಗಳನ್ನು ಕೊಲ್ಲುತ್ತದೆ. ಮಳೆನೀರು ಅಥವಾ ಆರ್‌ಒ ನೀರಿನಂಥ ಮೆದು ನೀರಿನಲ್ಲಿ ಮೀನನ್ನೂ ಕೊಲ್ಲಬಲ್ಲದು. ಬೇರೆ ಟಬ್‌ನಲ್ಲಿ, ತಾಮ್ರ ಅಳೆಯುವ ಕಿಟ್ ಇಟ್ಟುಕೊಂಡೇ ಹಾಕಬೇಕು. ಈ ರೋಗ ಕಾಯುವುದಿಲ್ಲ. ಕಿವಿರಿಗೆ ಮೊದಲು ಹತ್ತಿ, ಕಂಡ ಕೆಲವೇ ದಿನದಲ್ಲಿ ಟ್ಯಾಂಕ್ ಖಾಲಿ ಮಾಡುತ್ತದೆ.

ಕರಿ ಚುಕ್ಕೆ ಇದರ ಪೂರ್ತಿ ಉಲ್ಟಾ. ನೋಡಿದರೆ ಭಯ, ಅಪಾಯ ಕಡಿಮೆ. ಹೊಳೆ, ಕೆರೆ, ಬಯಲು ಕೊಳಗಳಿಂದ ಬಂದ ಮೀನಿನ ಮೈಮೇಲೆ ಗಸಗಸೆಯಷ್ಟು ಕರಿ ಚುಕ್ಕೆಗಳು ಇರುತ್ತವೆ. ಅದೊಂದು ಚಪ್ಪಟೆ ಹುಳುವಿನ ಮರಿ. ಬಸವನಹುಳುವಿನಲ್ಲಿ ಹುಟ್ಟಿ, ಮೀನಿನ ಚರ್ಮದಲ್ಲಿ ಗೂಡು ಕಟ್ಟಿ, ಮಿಂಚುಳ್ಳಿಯೋ ಬಕ ಪಕ್ಷಿಯೋ ಆ ಮೀನನ್ನು ತಿನ್ನುವುದನ್ನು ಕಾಯುತ್ತಿರುತ್ತದೆ. ಗೂಡಿನ ಸುತ್ತ ಮೀನಿನ ಚರ್ಮವೇ ಕರಿ ಬಣ್ಣ ಸುರಿಸುತ್ತದೆ. ನಿಮ್ಮ ಹಾಲ್‌ಗೆ ಮಿಂಚುಳ್ಳಿ ಬರುವುದಿಲ್ಲ, ಹಾಗಾಗಿ ಟ್ಯಾಂಕ್‌ನಲ್ಲಿ ಅದು ಹರಡುವುದೂ ಇಲ್ಲ. ಸುಮ್ನೆ ಬಿಟ್ಟುಬಿಡಿ.

ಚುಕ್ಕೆ ಒಂದೇ ಗಾತ್ರದಲ್ಲಿಲ್ಲ, ಮೈಯಿಂದ ಎದ್ದು ನಿಂತಿವೆ, ಅಂಚು ಹತ್ತಿಯಂತೆ ಮಸುಕು ಅಂದರೆ ಎಪಿಸ್ಟೈಲಿಸ್ ಇರಬಹುದು. ಕೊಳೆ ನೀರಿನಲ್ಲಿ ಬೆಳೆಯುವ ಜೀವಿ ಅದು. ಮೊದಲು ನೀರು ಸರಿ ಮಾಡಿ, ಊಟ ಕಡಿಮೆ ಮಾಡಿ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಗಂಟು ಬಂದರೆ ಅದು ವೈರಸ್, ಔಷಧ ಇಲ್ಲ, ಒಳ್ಳೆಯ ನೀರಿನಲ್ಲಿ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ನಿಯಾನ್ ಟೆಟ್ರಾದ ಮೈಯೊಳಗೇ ಬಣ್ಣ ಮಾಸಿ ಬೆಳ್ಳನೆಯ ಪಟ್ಟೆ ಹರಡಿದರೆ ಅದು ಮಾಂಸದೊಳಗಿನ ಬೇರೆ ಪರಾವಲಂಬಿ. ಅದಕ್ಕೆ ಮದ್ದಿಲ್ಲ, ಆ ಮೀನನ್ನು ಬೇರೆ ಇಡಲೇಬೇಕು. ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೂ ಒಂದು ಮಾತು. ಸಮುದ್ರ ಮೀನಿನ ಬಿಳಿ ಚುಕ್ಕೆಯನ್ನು ತರುವುದು ಕ್ರಿಪ್ಟೋಕ್ಯಾರಿಯಾನ್ ಅನ್ನುವ ಬೇರೆಯೇ ಜೀವಿ. ಮೇಲೆ ಹೇಳಿದ ಶಾಖ, ಉಪ್ಪಿನ ಲೆಕ್ಕ ಅದಕ್ಕೆ ನಡೆಯುವುದಿಲ್ಲ.

ಕೊನೆಗೆ, ಇದು ನಿಮ್ಮ ಮನೆಗೆ ಬಂದದ್ದು ಹೇಗೆ ಅಂತ. ಬಹುಮಟ್ಟಿಗೆ ಆ ಲೋಚ್‌ಗಳ ಜೊತೆಗೆ. ಕ್ಲೌನ್ ಲೋಚ್ ಹುಟ್ಟೂರು ಇಂಡೋನೇಷ್ಯಾದ ಸುಮಾತ್ರಾ, ಬೋರ್ನಿಯೊ ಹೊಳೆಗಳು. ಅಲ್ಲಿಂದ ವಿಮಾನದಲ್ಲಿ, ಆಮೇಲೆ ಸಗಟು ವ್ಯಾಪಾರಿಗಳ ಕೈಯಿಂದ ಕೈಗೆ, ಪ್ಲಾಸ್ಟಿಕ್ ಚೀಲದಲ್ಲಿ ದಿನಗಟ್ಟಲೆ ಪ್ರಯಾಣ. ನಮ್ಮ ಅಂಗಡಿಗಳಿಗೆ ಬಣ್ಣದ ಮೀನು ಬಹಳಷ್ಟು ಚೆನ್ನೈನ ಕೊಳತ್ತೂರು ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬರುತ್ತದೆ. ಅಷ್ಟು ದಣಿದ ಮೀನಿಗೆ, ಅದರಲ್ಲೂ ಲೋಚ್‌ಗೆ, ಇಕ್ ಹತ್ತುವುದು ತೀರಾ ಸಾಮಾನ್ಯ. ಅಂಗಡಿಯಲ್ಲಿ ಐದು ನಿಮಿಷ ಸುಮ್ನೆ ನಿಂತು ನೋಡಿ. ಒಂದೇ ಒಂದು ಮೀನು ಮೈ ಉಜ್ಜುತ್ತಿದ್ದರೂ ಆ ಟ್ಯಾಂಕ್‌ನಿಂದ ತರಬೇಡಿ. ಪಕ್ಕದ ಟ್ಯಾಂಕ್‌ನಿಂದಲೂ ಬೇಡ, ಎಷ್ಟೋ ಕಡೆ ಎಲ್ಲದಕ್ಕೂ ಒಂದೇ ಬಲೆ, ಒಂದೇ ನೀರು. ಚೀಲದ ನೀರನ್ನು ನಿಮ್ಮ ಟ್ಯಾಂಕ್‌ಗೆ ಸುರಿಯಬೇಡಿ.

ಹೊಸ ಮೀನಿಗೆ 20–25 ಲೀಟರಿನ ಒಂದು ಪ್ಲಾಸ್ಟಿಕ್ ಟಬ್ ಸಾಕು. ಒಂದು ಸ್ಪಾಂಜ್ ಫಿಲ್ಟರ್, ಒಂದು ಸಣ್ಣ ಹೀಟರ್. ಆ ಸ್ಪಾಂಜನ್ನು ಮೊದಲೇ ಮೂರು ನಾಲ್ಕು ವಾರ ದೊಡ್ಡ ಟ್ಯಾಂಕ್‌ನಲ್ಲಿ ಓಡಿಸಿ ಇಟ್ಟುಕೊಂಡರೆ ಬ್ಯಾಕ್ಟೀರಿಯಾ ಅದರಲ್ಲಿ ಕೂತಿರುತ್ತವೆ. ಹೊಸ ಮೀನನ್ನು ಆ ಟಬ್‌ನಲ್ಲಿ ಮೂರು ವಾರ ಇಟ್ಟು, ಸರಿ ಅನಿಸಿದ ಮೇಲೆ ಬಿಡಿ. ಅದಕ್ಕೆ ಬೇರೆ ಬಲೆ ಇರಲಿ. ಒಂದೇ ಬಲೆ ಇದ್ದರೆ ಬಿಸಿಲಿಗೆ ಗರಿಗರಿ ಒಣಗಿಸಿ ಬಳಸಿ, ಒಣಗಿದರೆ ಈ ಜೀವಿ ಬದುಕುವುದಿಲ್ಲ. ಗುಣವಾದ ನಿಮ್ಮ ಮೀನುಗಳಿಗೆ ಇನ್ನು ಸ್ವಲ್ಪ ಕಾಲ ಇಕ್ ತಡೆಯುವ ಶಕ್ತಿ ಇರುತ್ತದೆ. ಆದರೂ ಒಂದೆರಡು ಜೀವಿ ಕಿವಿರಿನಲ್ಲಿ ಉಳಿದಿರಬಹುದು. ಹಾಗಾಗಿ ಮುಂದಿನ ಎರಡು ತಿಂಗಳು ಹೊಸ ಮೀನು ಬೇಡ. ಉಳಿದಿರುವ ಆ ಒಂಟಿ ಲೋಚ್ ಬಗ್ಗೆಯೂ ಯೋಚಿಸಿ. ಅದು ಒಂದು ಅಡಿಯವರೆಗೆ ಬೆಳೆಯುವ, ಗುಂಪಿನಲ್ಲೇ ಬದುಕುವ ಮೀನು. 2 ಅಡಿ ಟ್ಯಾಂಕ್ ಅದಕ್ಕೆ ಮನೆ ಅಲ್ಲ. ಗುಣವಾದ ಮೇಲೆ ದೊಡ್ಡ ಟ್ಯಾಂಕ್ ಇರುವ ಯಾರಿಗಾದರೂ ಕೊಡಿ.

ಮಗಳಿಗೆ ನಿಜವನ್ನೇ ಹೇಳಿ, ಒಂದು ಕೆಲಸವನ್ನೂ ಕೊಡಿ. ದಿನಾ ಬೆಳಿಗ್ಗೆ ದೀಪ ಹಾಕುವ ಮೊದಲು ಟಾರ್ಚ್ ಹಿಡಿದು ಏಂಜೆಲ್‌ನ ಬಾಲದ ಮೇಲಿನ ಚುಕ್ಕೆ ಎಣಿಸಲಿ. ಆ ದಿನದ ಕ್ಯಾಲೆಂಡರ್ ಚೌಕದಲ್ಲಿ ಚುಕ್ಕೆ ಎಷ್ಟು, ನೀರು ಎಷ್ಟು ಡಿಗ್ರಿ ಅಂತ ಬರೆಯಲಿ. ಮೊದಲ ಸೊನ್ನೆ ಬಿದ್ದ ದಿನಕ್ಕೆ ಕೆಂಪು ಸುತ್ತು ಹಾಕಿ, ಅಲ್ಲಿಂದ ಏಳು ಚೌಕ ಎಣಿಸಿ ಇನ್ನೊಂದು ಸುತ್ತು ಹಾಕಲಿ. ಆ ಎರಡನೇ ಸುತ್ತಿನ ದಿನ ಬಂದು, ಒಟ್ಟು 14 ದಿನವೂ ಮುಗಿಯುವವರೆಗೆ ಹೀಟರ್ ಯಾರೂ ಮುಟ್ಟಬಾರದು. ಆರನೇ ದಿನವೂ ಅಂಕಿ ಏರುತ್ತಲೇ ಇದ್ದರೆ ಆ ಕ್ಯಾಲೆಂಡರ್ ಹಾಳೆಯ ಒಂದು ಫೋಟೊ ನನಗೆ ಕಳಿಸಿ.